ಬಿಲ್‌ನಲ್ಲಿ ಎಂ20, ಡಬ್ಬಿಯಲ್ಲಿ ಎಂ21: ಗೇರ್‌ಬಾಕ್ಸ್ ಬದಲಿಸಿಕೊಡಲು ಕೋರಿ ದೂರು

ಗೆ,
ವ್ಯವಸ್ಥಾಪಕರು,
ಗೇರ್‌ಬಾಕ್ಸ್ ಮರುಜೋಡಣೆ ಮತ್ತು ಮಾರಾಟ ವಿಭಾಗ

ವಿಷಯ: 1969ರ ಶೆವರ್ಲೆ ಶೆವೆಲ್ ಕಾರಿಗೆ ಕಳಿಸಿದ ಮನ್ಸೀ ನಾಲ್ಕು ಸ್ಪೀಡ್ ಗೇರ್‌ಬಾಕ್ಸ್‌ನಲ್ಲಿ ತಪ್ಪು ಗೇರ್ ಜೋಡಿ

ಮಾನ್ಯರೇ,

ಫೋನಿನಲ್ಲಿ ನಿಮ್ಮೊಡನೆ ಮಾತಾಡಿದ್ದು ಕನ್ನಡದಲ್ಲೇ ಆದ್ದರಿಂದ ದೂರನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಆರ್ಡರ್ ಕೊಟ್ಟಿದ್ದು ಎಂ20 ಗೇರ್‌ಬಾಕ್ಸಿಗೆ (ಎಂ20, ಎಂ21, ಎಂ22 ಇವು ಮನ್ಸೀ ಗೇರ್‌ಬಾಕ್ಸಿನ ಮಾದರಿಗಳು). ಅಂದರೆ ಹಿಂದಿನ ಶಾಫ್ಟ್ ಒಂದು ಸುತ್ತು ಬರಲು ಮುಂದಿನದು ತಿರುಗಬೇಕಾದ ಸುತ್ತು ಮೊದಲ ಗೇರ್‌ನಲ್ಲಿ 2.52, ಎರಡನೆಯದು 1.88, ಮೂರನೆಯದು 1.46, ನಾಲ್ಕನೆಯದು ನೇರ 1.00. ಬಿಲ್‌ನಲ್ಲೂ ಹಾಗೇ ಇದೆ. ಬಂದಿರುವುದರಲ್ಲಿ ಮೊದಲ ಗೇರ್ 2.20, ಆಮೇಲೆ 1.64, 1.27, 1.00. ಇದು ಎಂ21. ಕೇಳಿದಾಗ ನಿಮ್ಮ ಸಿಬ್ಬಂದಿ ಕೊಟ್ಟ ಮೊದಲ ಉತ್ತರ: "ಕೇಸ್ ಮೇಲಿನ ನಂಬರ್ ನೋಡಿ, ಅದು ಎಂ20ಯೇ."

ಕೇಸ್ ಮೇಲಿನ ನಂಬರ್ ನೋಡಿದ್ದೇನೆ. ಅಚ್ಚಿನ ಸಂಖ್ಯೆ 3925660. ಅದು 1968ರಿಂದ 1970ರವರೆಗಿನ ಕೇಸ್ ಎಂದಷ್ಟೇ ಹೇಳುತ್ತದೆ. ಎಂ20, ಎಂ21, ಎಂ22 ಮೂರಕ್ಕೂ ಅದೇ ಕೇಸ್ ಹಾಕುತ್ತಿದ್ದರು. ಮೇಲೆ ಗುದ್ದಿರುವ ಸಂಕೇತ ಪಿ9ಡಿ14ಎ. 'ಪಿ' ಎಂದರೆ ಮನ್ಸೀ ಕಾರ್ಖಾನೆ, 9 ಎಂದರೆ 1969, 'ಡಿ' ಎಂದರೆ ಏಪ್ರಿಲ್, 14 ತಾರೀಕು, ಕೊನೆಯ 'ಎ' ಎಂದರೆ ಎಂ20. ಆ ವರ್ಷ ಎಂ21ಕ್ಕೆ 'ಬಿ', ಎಂ22ಕ್ಕೆ 'ಸಿ' ಗುದ್ದುತ್ತಿದ್ದರು. ಇದರಲ್ಲಿ ತಕರಾರಿಲ್ಲ. ಆದರೆ ಅದು ಕಾರ್ಖಾನೆಯಿಂದ ಹೊರಟ ದಿನದ ಮಾತು. ಐವತ್ತು ವರ್ಷಕ್ಕೂ ಹಳೆಯ ಡಬ್ಬಿಯನ್ನು ಎಷ್ಟು ಕೈ ಬಿಚ್ಚಿವೆಯೋ! ಗುದ್ದಿದ ಅಕ್ಷರ ಕೇಸಿನ ಜನ್ಮಪತ್ರಿಕೆ, ಒಳಗಿನ ಹಲ್ಲುಗಳ ಲೆಕ್ಕ ಅದರಲ್ಲಿರುವುದಿಲ್ಲ.

ಇನ್‌ಪುಟ್ ಶಾಫ್ಟ್‌ನ (ಎಂಜಿನ್ ಕಡೆಯ ಶಾಫ್ಟ್) ಸ್ಪ್ಲೈನ್ ಭಾಗದ, ಅಂದರೆ ಉದ್ದುದ್ದ ತೋಡುಗಳಿರುವ ಭಾಗದ ಸುತ್ತ ಒಂದೇ ಒಂದು ಗೀರು ಇದೆ. 1966ರಿಂದೀಚಿನ ಕಂಪನಿ ಶಾಫ್ಟ್‌ಗಳಲ್ಲಿ ಎರಡು ಗೀರಿದ್ದರೆ ಎಂ20, ಒಂದಿದ್ದರೆ ಎಂ21, ಗೀರೇ ಇಲ್ಲದಿದ್ದರೆ ಎಂ22. ಇದನ್ನು ನೋಡಲು ಡಬ್ಬಿ ಬಿಚ್ಚಬೇಕಿಲ್ಲ, ಪ್ಯಾಕ್ ಮಾಡುವ ಮುನ್ನ ಗ್ರೀಸ್ ಒರೆಸಿದ್ದರೆ ಸಾಕಿತ್ತು. ಗೀರನ್ನೊಂದೇ ನಂಬಿ ಈ ದೂರು ಬರೆದಿಲ್ಲ. ಈಚೆಗೆ ಹೊಸದಾಗಿ ತಯಾರಾಗುವ ಶಾಫ್ಟ್‌ಗಳಲ್ಲಿ ಗೀರಿನ ಕ್ರಮ ಪಾಲಿಸದಿರುವುದೂ ಉಂಟು. ಹಾಗಾಗಿ ಗೇರ್‌ಬಾಕ್ಸನ್ನು ಬೆಂಚಿನ ಮೇಲಿಟ್ಟು, ಮೊದಲ ಗೇರ್‌ಗೆ ಹಾಕಿ, ಇನ್‌ಪುಟ್ ಶಾಫ್ಟಿಗೂ ಹಿಂದಿನ ಯೋಕಿಗೂ (ಔಟ್‌ಪುಟ್ ಶಾಫ್ಟಿನ ಮೇಲೆ ಕೂರುವ ಜೋಡಣೆ ತುಂಡು) ಸೀಮೆಸುಣ್ಣದ ಗುರುತು ಹಚ್ಚಿ ತಿರುಗಿಸಲಾಯಿತು. ಹಿಂದಿನದು ಸರಿಯಾಗಿ 5 ಸುತ್ತು ಬರಲು ಮುಂದಿನದು 11 ಸುತ್ತು ತಿರುಗಿತು. ಎಂ20 ಆಗಿದ್ದರೆ 12 ಸುತ್ತು ದಾಟಿ ಇನ್ನೂ ಅರ್ಧ ಸುತ್ತಿಗಿಂತ ತುಸು ಹೆಚ್ಚು ಬೇಕಿತ್ತು. ಒಂದೇ ಸುತ್ತಿನಲ್ಲಿ ಅಳೆದರೆ ಹಲ್ಲಿನ ಸಡಿಲದಿಂದ ಲೆಕ್ಕ ತಪ್ಪುವ ಸಂಭವವಿದೆ. ಅದಕ್ಕೇ ಐದು ಸುತ್ತು.

ಆಮೇಲೆ ಎಣ್ಣೆ ಬಸಿದು, ಪಕ್ಕದ ಮುಚ್ಚಳದ 7 ಬೋಲ್ಟ್ ಬಿಚ್ಚಿ ಹಲ್ಲು ಎಣಿಸಲಾಗಿದೆ. ಇನ್‌ಪುಟ್ ಗೇರ್‌ನಲ್ಲಿ 26 ಹಲ್ಲು, ಅದಕ್ಕೆ ಕೂಡುವ ಕೌಂಟರ್ ಗೇರ್‌ನ (ಕೆಳಗೆ ಹಲವು ಸಾಲು ಹಲ್ಲಿರುವ ಗೇರ್) ಮುಂದಿನ ಸಾಲಿನಲ್ಲಿ 27. ಎಂ20ಯಲ್ಲಿ ಇರಬೇಕಾದ್ದು 21 ಮತ್ತು 25. ಮಿಕ್ಕ ಗೇರ್‌ಗಳ ಹಲ್ಲಿನ ಲೆಕ್ಕ ಎರಡರಲ್ಲೂ ಒಂದೇ. ಮೊದಲ ಗೇರ್‌ನದು 36ಕ್ಕೆ 17. 25ನ್ನು 21ರಿಂದ ಭಾಗಿಸಿ 36/17ರಿಂದ ಗುಣಿಸಿದರೆ 2.52 ಬರುತ್ತದೆ. 27ನ್ನು 26ರಿಂದ ಭಾಗಿಸಿ ಅದನ್ನೇ ಮಾಡಿದರೆ 2.20. ಇಲ್ಲಿ ವಾದಕ್ಕೆ ಜಾಗವಿಲ್ಲ.

ನಿಮ್ಮ ಎರಡನೇ ಸಮಜಾಯಿಷಿ, ಕಳಿಸುವ ಮುನ್ನ ಕಾರಿಗೆ ಹಾಕಿ ಓಡಿಸಿ ನೋಡಿದ್ದೇವೆ, ಒಂದರಿಂದ ಎರಡಕ್ಕೆ ಹಾಕಿದಾಗ ಆರ್‌ಪಿಎಂ ಇಳಿದಿದ್ದು ಸರಿಯಾಗಿತ್ತು ಎಂಬುದು. ಅದರಿಂದ ಏನೂ ಗೊತ್ತಾಗುವುದಿಲ್ಲ. ಎರಡು ಡಬ್ಬಿಗೂ ವ್ಯತ್ಯಾಸ ಮುಂದಿನ ಒಂದು ಜೋಡಿ ಹಲ್ಲಿನಲ್ಲಿ ಮಾತ್ರ, ಹಾಗಾಗಿ ಒಂದು, ಎರಡು, ಮೂರನೇ ಗೇರ್‌ಗಳ ನಡುವಿನ ಅಂತರ ಎರಡರಲ್ಲೂ ಸಮ. 5000ದಲ್ಲಿ ಒಂದರಿಂದ ಎರಡಕ್ಕೆ ಹಾಕಿದರೆ ಎರಡರಲ್ಲೂ ಸುಮಾರು 3730ಕ್ಕೇ ಇಳಿಯುತ್ತದೆ. ಎಂ21ಕ್ಕಿರುವ 'ಕ್ಲೋಸ್ ರೇಶಿಯೋ' (ಹತ್ತಿರದ ಅನುಪಾತ) ಎಂಬ ಹೆಸರು ಕೇಳಿ ಎಲ್ಲ ಗೇರ್‌ಗಳೂ ಹತ್ತಿರ ಹತ್ತಿರ ಎಂದು ಭಾವಿಸುವವರು ಬಹಳ. ನಿಜಕ್ಕೂ ಹತ್ತಿರವಾಗಿರುವುದು ಮೂರು ಮತ್ತು ನಾಲ್ಕು ಮಾತ್ರ. ಅಲ್ಲಿ ಎಂ20 5000ದಿಂದ ಸುಮಾರು 3425ಕ್ಕೆ ಬೀಳುತ್ತದೆ, ಎಂ21 ಸುಮಾರು 3940ಕ್ಕೆ. ನಿಮ್ಮವರು ನೋಡಬೇಕಾಗಿದ್ದದ್ದು ಆ ಬದಲಾವಣೆಯನ್ನು. ಸ್ಪೀಡೋಮೀಟರ್ ಸರಿ ತೋರಿಸಿತು ಎಂಬುದೂ ಸಾಕ್ಷಿಯಲ್ಲ. ಅದು ಔಟ್‌ಪುಟ್ ಶಾಫ್ಟಿನಿಂದ ನಡೆಯುವಂಥದ್ದು, ಅದಕ್ಕೆ ಬೇಕಾದ್ದು ಹಿಂದಿನ ಆಕ್ಸಲ್ ಮತ್ತು ಟೈರಿನ ಲೆಕ್ಕ.

10 ಸ್ಪ್ಲೈನಿನ ಇನ್‌ಪುಟ್, 27 ಸ್ಪ್ಲೈನಿನ ಔಟ್‌ಪುಟ್, ಎರಡೂ 1969ಕ್ಕೆ ಸರಿಯಾಗಿವೆ. ಕ್ಲಚ್ ಪ್ಲೇಟೂ ಯೋಕೂ ಸಲೀಸಾಗಿ ಕೂತವು, ಅದಕ್ಕೇ ತಪ್ಪು ಮೊದಲು ಕಣ್ಣಿಗೆ ಬೀಳಲಿಲ್ಲ.

ಇದರಿಂದ ಆಗುವ ತೊಂದರೆ ಸಣ್ಣದಲ್ಲ. ಈ ಕಾರಿನ ಹಿಂದಿನ ಆಕ್ಸಲ್‌ನ ಗೇರ್ ಅನುಪಾತ 3.31. ಎಂ20 ಇದ್ದರೆ ಮೊದಲ ಗೇರ್‌ನಲ್ಲಿ ಒಟ್ಟು ಅನುಪಾತ 8.34, ನೀವು ಕಳಿಸಿದ್ದರಲ್ಲಿ 7.28. ಹೊರಡುವಾಗ ಚಕ್ರಕ್ಕೆ ಸಿಗುವ ಎಳೆತ ಸುಮಾರು ಶೇ. 13 ಕಡಿಮೆ. ಏರಿನಲ್ಲಿ ನಿಂತು ಹೊರಡುವಾಗ ಅರ್ಧ ಕ್ಲಚ್‌ನಲ್ಲಿ ಹೆಚ್ಚು ಹೊತ್ತು ಹಿಡಿಯಬೇಕು, ಪ್ಲೇಟಿನ ವಾಸನೆ ಬರುತ್ತದೆ. ಅದೇ ಎಳೆತ ಬೇಕೆಂದರೆ 3.79ರ ಸುಮಾರಿನ ಆಕ್ಸಲ್ ಹಾಕಬೇಕು. ಆಗ ನಾಲ್ಕನೇ ಗೇರ್‌ನಲ್ಲಿ ಹೆದ್ದಾರಿ ಓಟಕ್ಕೆ ಎಂಜಿನ್ ಪ್ರತಿ ಮೈಲಿಗೂ ಏಳರಲ್ಲಿ ಒಂದು ಪಾಲು ಹೆಚ್ಚು ಸುತ್ತಬೇಕು. ಎಂ21 ಕೆಟ್ಟ ಗೇರ್‌ಬಾಕ್ಸ್ ಎಂದಲ್ಲ. 3.73ಕ್ಕೋ 4.10ಕ್ಕೋ ಅದು ಚೆನ್ನ, 3.31ಕ್ಕೆ ಹೊಂದುವುದಿಲ್ಲ.

ಮುಚ್ಚಳ ಬಿಚ್ಚಿದ್ದರಿಂದ ವಾರಂಟಿ ಹೋಯಿತು ಎಂಬ ನಿಮ್ಮ ಮಾತನ್ನು ಒಪ್ಪಲಾರೆ. ಗೀರು ತೋರಿಸಿ ಫೋಟೋ ಕಳಿಸಿದ್ದು ಬಿಚ್ಚುವ ಮುನ್ನ. ಹಲ್ಲು ಎಣಿಸದೆ ನಂಬುವುದಿಲ್ಲ ಎಂದವರು ನೀವೇ.

ಈಗ ಕೇಳುವುದು ಇಷ್ಟು. ಮೊದಲ ಆಯ್ಕೆ, 10 ಮತ್ತು 27 ಸ್ಪ್ಲೈನಿನ ಅಸಲಿ ಎಂ20 ಗೇರ್‌ಬಾಕ್ಸ್ ಕಳಿಸಿ ಇದನ್ನು ಹಿಂದಕ್ಕೆ ತೆಗೆದುಕೊಳ್ಳಿ. ಇಲ್ಲದಿದ್ದರೆ ಇದೇ ಕೇಸಿಗೆ 21 ಹಲ್ಲಿನ ಇನ್‌ಪುಟ್ ಶಾಫ್ಟ್ ಮತ್ತು 25 ಹಲ್ಲಿನ ಕೌಂಟರ್ ಗೇರ್ ಹಾಕಿಕೊಡಿ. ಶಾಫ್ಟ್ ಒಂದನ್ನೇ ಬದಲಿಸಿ ಕೈ ತೊಳೆದುಕೊಳ್ಳಬೇಡಿ: 21 ಹಲ್ಲಿನದು 27 ಹಲ್ಲಿನದಕ್ಕೆ ಕೂಡುವುದೇ ಇಲ್ಲ, ಎರಡನ್ನೂ ಜೋಡಿಯಾಗಿಯೇ ಹಾಕಬೇಕು. ಕೌಂಟರ್ ಗೇರ್ ಹೊರಗೆ ಬಂದ ಮೇಲೆ ಅದು ತಿರುಗುವ 1 ಇಂಚಿನ ಪಿನ್ನಿಗೆ ಬೇಕಾದ 112 ಸೂಜಿ ರೋಲರ್‌ಗಳನ್ನೂ ಥ್ರಸ್ಟ್ ವಾಷರ್‌ಗಳನ್ನೂ ಹೊಸದಾಗಿ ಹಾಕಿ. ಹಳೆಯದನ್ನೇ ತುಂಬಿ ಕಳಿಸಿದರೆ ಇನ್ನೊಂದು ದೂರು ಬರೆಯಬೇಕಾಗುತ್ತದೆ. ಎರಡರಲ್ಲಿ ಯಾವುದಾದರೂ ಸಾಗಣೆ ಖರ್ಚು ಎರಡೂ ಕಡೆಯದು ನಿಮ್ಮದೇ.

ಕಳಿಸುವ ಮುನ್ನ ಶಾಫ್ಟಿನ ಗೀರು ಮತ್ತು ಮುಚ್ಚಳ ತೆಗೆದ ಹಲ್ಲುಗಳ ಫೋಟೋ, ಜೊತೆಗೆ 5 ಸುತ್ತಿನ ಎಣಿಕೆ ಕಾಣುವ ವಿಡಿಯೋ ಬೇಕು. 15 ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ ಕಾರ್ಡ್ ಕಂಪನಿಯ ಮೂಲಕ ಪೂರ್ತಿ ಹಣ ವಾಪಸ್ ಕೇಳಲಾಗುವುದು. ಬಿಲ್‌ನ ಪ್ರತಿ, ಗೀರಿನ ಫೋಟೋ, ಹಲ್ಲಿನ ಫೋಟೋ ಲಗತ್ತಿಸಿದೆ. ಡಬ್ಬಿ ಎಣ್ಣೆ ಬಸಿದು, ಶಾಫ್ಟಿನ ತುದಿಗಳಿಗೆ ಬಟ್ಟೆ ಸುತ್ತಿ, ಸಾಗಿಸಲು ಸಿದ್ಧವಾಗಿ ಇಟ್ಟಿದೆ.

ಇಂತಿ,
ನಿಮ್ಮ ಗ್ರಾಹಕ