ಕೊಟ್ಟ ಮನೆಗೆ ಮತ್ತೊಮ್ಮೆ ಹೋಗಿ ನೋಡೋಣ

ಮಾನ್ಯ ಸಂಪಾದಕರೇ,

ಎಣ್ಮಕಜೆ ಪಂಚಾಯತಿನ ಒಂದು ಮನೆಗೆ ಎರಡು ವರ್ಷದ ಹಿಂದೆ ನಮ್ಮ ಸಂಘದಿಂದ ವೀಲ್‌ಚೇರ್ ಕೊಟ್ಟಿದ್ದೆವು. ನಡೆಯಲಾಗದ ಹುಡುಗ, ಈಗ ಹದಿನಾರರ ಪ್ರಾಯ. ಮುಂಬಯಿಯಲ್ಲಿರುವ ಊರವರೂ ಗಲ್ಫಿನಲ್ಲಿರುವ ಇಬ್ಬರು ಹಳೆ ವಿದ್ಯಾರ್ಥಿಗಳೂ ಹಣ ಕಳುಹಿಸಿದ್ದರು. ಶಾಲೆಯ ಅಂಗಳದಲ್ಲಿ ಸಭೆ, ಶಾಲು, ಫೋಟೋ ಎಲ್ಲ ಆಯಿತು. ಕಳೆದ ತಿಂಗಳು ಬೇರೊಂದು ಕೆಲಸಕ್ಕೆಂದು ಆ ದಾರಿಯಾಗಿ ಹೋದವನು ಅವರ ಮನೆಗೆ ಇಳಿದೆ. ಪಂಚಾಯತು ರಸ್ತೆಯಿಂದ ಅಡಿಕೆ ತೋಟದ ಬದಿಯಲ್ಲೇ ಮುರಕಲ್ಲಿನ ಮೆಟ್ಟಿಲುಗಳು. ಎಣಿಸಿದೆ, ನಲವತ್ತೆರಡು. ವೀಲ್‌ಚೇರ್ ಜಗಲಿಯ ಮೂಲೆಯಲ್ಲಿತ್ತು. ಕೈಹಿಡಿಗೆ ಸುತ್ತಿದ ಪ್ಲಾಸ್ಟಿಕ್ ಹಾಗೆಯೇ ಇತ್ತು, ಸೀಟಿನ ಮೇಲೆ ಅಡಿಕೆಯ ಗೋಣಿ. ಹುಡುಗನ ತಾಯಿ ದೂರಲಿಲ್ಲ. “ಮಾಷ್ಟ್ರೇ, ಕುರ್ಚಿಯನ್ನು ಮೇಲೆ ಹತ್ತಿಸಲಿಕ್ಕೆ ಇಬ್ಬರು ಬೇಕು. ಮಗನನ್ನು ಎತ್ತಿಕೊಂಡು ಹೋಗಲಿಕ್ಕೆ ನಾನೊಬ್ಬಳು ಸಾಕಲ್ಲ” ಎಂದರು. ವಿಶೇಷ ಮಕ್ಕಳಿಗಾಗಿ ಇರುವ ಬಡ್ಸ್ ಶಾಲೆಯ ವಾಹನ ಮೇಲಿನ ರಸ್ತೆಯವರೆಗೆ ಬರುತ್ತದೆ. ಅವರ ಬೆನ್ನು ನೋವು ಜೋರಾದ ದಿನ ಮಗ ಶಾಲೆಗಿಲ್ಲ, ಮಳೆಗಾಲದಲ್ಲಂತೂ ಕೇಳುವುದೇ ಬೇಡ.

ಆ ಮನೆಗೆ ಮೊದಲು ಬೇಕಾಗಿದ್ದದ್ದು ದಾರಿ, ಕುರ್ಚಿ ಆಮೇಲೆ. ಕೊಡುವ ಮೊದಲು ನಮ್ಮಲ್ಲಿ ಒಬ್ಬರಾದರೂ ಆ ಮೆಟ್ಟಿಲು ಇಳಿದಿದ್ದರೆ ಗೊತ್ತಾಗುತ್ತಿತ್ತು. ಕೊಟ್ಟು ಒಂದು ತಿಂಗಳಿಗೆ ಹೋಗಿ ವಿಚಾರಿಸಿದ್ದರೂ ಎರಡು ವರ್ಷ ಹೀಗೆ ಕಳೆಯುತ್ತಿರಲಿಲ್ಲ. ಆ ದಿನದಿಂದ ಈ ಮಾತು ನನ್ನನ್ನು ಕೊರೆಯುತ್ತಿದೆ.

ಕಾಸರಗೋಡಿನ ನಮ್ಮ ಕಡೆ ಕೊಡುವವರಿಗೆ ಬರವಿಲ್ಲ. ಭಜನಾ ಮಂದಿರ, ಯುವಕ ಸಂಘ, ಜಮಾಅತ್, ಇಗರ್ಜಿ, ಸಮಾಜಗಳ ವಲಯ ಘಟಕ, ಲಯನ್ಸ್, ರೋಟರಿ ಎಲ್ಲರೂ ಮನಸ್ಸಿಟ್ಟು ಕೊಡುತ್ತಾರೆ. ಆದರೆ ಒಬ್ಬರು ಎಲ್ಲಿ ಕೊಟ್ಟರೆಂದು ಇನ್ನೊಬ್ಬರಿಗೆ ತಿಳಿದಿರುವುದಿಲ್ಲ. ಜೂನ್ ತಿಂಗಳಲ್ಲಿ ಒಂದೇ ಕನ್ನಡ ಶಾಲೆಗೆ ಮೂರು ಕಡೆಯಿಂದ ಬ್ಯಾಗು, ಕೊಡೆ ಬಂದದ್ದನ್ನು ನೋಡಿದ್ದೇನೆ. ಅದೇ ಶಾಲೆಯಲ್ಲಿ ಜೀಪಿನ ಬಾಡಿಗೆ ಕೊಡಲಾಗದೆ ಅಣ್ಣ ತಂಗಿ ಇಬ್ಬರು ವಾರಗಟ್ಟಲೆ ಬಂದಿರಲಿಲ್ಲ.

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕದಂಥ ಕಡೆಗಳಲ್ಲಿ ಈ ವಿಷಯಕ್ಕೆ ಹೆಚ್ಚಿನ ತೂಕವಿದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುವುದು ನಿಂತದ್ದು 2000ದ ಹೊತ್ತಿಗೆ. ಸುಪ್ರೀಂ ಕೋರ್ಟು 2011ರಲ್ಲಿ ಆ ಕೀಟನಾಶಕವನ್ನು ದೇಶದಲ್ಲೇ ತಡೆಯಿತು, 2017ರಲ್ಲಿ ಅದರಿಂದ ಆರೋಗ್ಯ ಕೆಟ್ಟ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದಿತು. ಪರಿಹಾರ ಸರಕಾರದ ಹೊಣೆ. ತಿಂಗಳಿಗೊಮ್ಮೆ ಮಂಗಳೂರಿನ ಆಸ್ಪತ್ರೆಗೆ ಹೋಗಿ ಬರುವ ಗಾಡಿ, ತಾಯಿಗೆ ಒಂದು ಮಧ್ಯಾಹ್ನದ ವಿಶ್ರಾಂತಿ, ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುವ ಅರ್ಜಿಯನ್ನು ಕನ್ನಡದವರಿಗೆ ಓದಿ ಹೇಳಿ ತುಂಬಿಸಿಕೊಡುವ ಒಬ್ಬರು, ಇವು ಯಾವ ಆದೇಶದಿಂದಲೂ ಮನೆಬಾಗಿಲಿಗೆ ಬರುವುದಿಲ್ಲ. ನೆರೆಕರೆಯವರು ಸೇರಿದರೆ ಮಾತ್ರ ಬಂದೀತು.

ಹೇಗೆ ಎಂದು ಕೇಳುವವರಿಗೆ ದೂರದ ಮಾದರಿ ಬೇಡ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಸಣ್ಣದಾಗಿ ಶುರುವಾದ ಪಾಲಿಯೇಟಿವ್ ಕೆಲಸ, ಅಂದರೆ ಗುಣವಾಗದ ರೋಗಿಗಳ ನೋವು ತಗ್ಗಿಸುವ ಆರೈಕೆ, ಇಂದು ಕೇರಳದ ಹಳ್ಳಿಹಳ್ಳಿಯಲ್ಲಿದೆ. 2008ರಲ್ಲಿ ರಾಜ್ಯ ಸರಕಾರ ಅದಕ್ಕಾಗಿಯೇ ನೀತಿ ಮಾಡಿತು. ನಮ್ಮಲ್ಲಿಗೂ ನರ್ಸ್ ಬರುತ್ತಾರೆ, ಜೊತೆಗೆ ಊರಿನ ಸ್ವಯಂಸೇವಕರು. ಹೋದ ಸಲ ನೋವು ಎಷ್ಟಿತ್ತು, ಹುಣ್ಣು ಒಣಗಿತೇ, ಮದ್ದು ಮುಗಿಯಿತೇ ಎಂದು ಪುಸ್ತಕದಲ್ಲಿ ಬರೆದಿಟ್ಟು ಈ ಸಲ ಅದನ್ನೇ ತೆರೆದು ಕೇಳುತ್ತಾರೆ. ಮೌಲ್ಯಮಾಪನ ಎಂಬ ದೊಡ್ಡ ಶಬ್ದಕ್ಕೆ ನನಗೆ ತಿಳಿದ ಅರ್ಥ ಈ ಪುಸ್ತಕ.

ನಮ್ಮ ಸಂಘಗಳೂ ಪ್ರತಿವರ್ಷ ಏಪ್ರಿಲಿನಲ್ಲಿ, ಶಾಲೆ ತೆರೆಯುವ ಮೊದಲು, ಪಂಚಾಯತು ಮಟ್ಟದಲ್ಲಿ ಒಂದು ದಿನ ಒಟ್ಟಿಗೆ ಕೂರಲಿ. ಆಶಾ ಕಾರ್ಯಕರ್ತೆಯರನ್ನೂ ಮಹಿಳೆಯರ ಸ್ವಸಹಾಯ ಸಂಘಗಳಾದ ಕುಟುಂಬಶ್ರೀಯವರನ್ನೂ ಕರೆಯಲಿ, ಯಾವ ಮನೆಯಲ್ಲಿ ಏನು ಕಷ್ಟವೆಂದು ಅವರಷ್ಟು ತಿಳಿದವರಿಲ್ಲ. ಬ್ಯಾಗು ಒಂದು ಸಂಘಕ್ಕೆ ಸಾಕು. ಇನ್ನೊಂದು ಸಂಘ ಮೂರು ವರ್ಷ ಆಸ್ಪತ್ರೆಯ ಗಾಡಿಯನ್ನು ಮಾತ್ರ ನೋಡಿಕೊಳ್ಳಲಿ, ನಡುವೆ ಬಿಡದಿರಲಿ.

ಒಟ್ಟಾಗುವುದರಿಂದ ಹಣದ ದಾರಿಯೂ ತೆರೆಯುತ್ತದೆ. ದೊಡ್ಡ ಕಂಪೆನಿಗಳು ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕೆ ವೆಚ್ಚ ಮಾಡಬೇಕೆಂಬ ಕಾನೂನು 2014ರಿಂದ ಜಾರಿಯಲ್ಲಿದೆ. ಆ ಹಣದಿಂದ ಕೆಲಸ ಮಾಡಬಯಸುವ ಸಂಸ್ಥೆಗೆ ಆದಾಯ ತೆರಿಗೆ ವಿನಾಯಿತಿಯ ನೋಂದಣಿ ಇರಬೇಕು, ಅಂಥ ಕೆಲಸದಲ್ಲಿ ಮೂರು ವರ್ಷದ ಅನುಭವ ಇರಬೇಕು, 2021ರಿಂದ ಸರಕಾರದಲ್ಲಿ ಬೇರೆಯೇ ನೋಂದಣಿಯೂ ಬೇಕು. ಮೂವತ್ತು ಸದಸ್ಯರ ಕ್ಲಬ್ಬಿಗೆ ಇದು ಎಟುಕದು. ಹತ್ತು ಕ್ಲಬ್ಬುಗಳು ಸೇರಿ ಒಂದು ಟ್ರಸ್ಟ್ ಮಾಡಿ, ಒಬ್ಬ ಲೆಕ್ಕಪರಿಶೋಧಕರನ್ನು ಇಟ್ಟುಕೊಂಡು ಮೂರು ವರ್ಷ ಕೆಲಸ ಮಾಡಿದರೆ ಎಟುಕುತ್ತದೆ. ಹೆಸರು ಯಾರದ್ದು ಮುಂದೆ ಎಂಬ ಪ್ರಶ್ನೆ ಎದ್ದೇ ಏಳುತ್ತದೆ. ನನ್ನ ಕಣ್ಣೆದುರೇ ಎರಡು ಸಲ ಅದಕ್ಕಾಗಿ ಮಾತುಕತೆ ಮುರಿದಿದೆ. ಹಿರಿಯರು ದಯವಿಟ್ಟು ಅದನ್ನು ಬದಿಗಿಡಬೇಕು.

ನಿಮ್ಮಲ್ಲೂ ಒಂದು ವಿನಂತಿ. ವಿತರಣೆಯ ಫೋಟೋ ಅಚ್ಚು ಮಾಡುವಾಗ, ಹೋದ ವರ್ಷ ಕೊಟ್ಟದ್ದು ಈಗ ಹೇಗಿದೆ ಎಂಬ ನಾಲ್ಕು ಸಾಲನ್ನೂ ಸಂಘದವರಿಂದ ಕೇಳಿ ಪಡೆಯಿರಿ.

ಆ ಮನೆಯ ದಾರಿಗಾಗಿ ನಾವೂ ಪಕ್ಕದ ಊರಿನ ಯುವಕರೂ ಸೇರಿ ಎರಡು ಭಾನುವಾರ ಶ್ರಮದಾನ ಮಾಡಿದ್ದೇವೆ. ಅರ್ಧದವರೆಗೆ ಇಳಿಜಾರು ದಾರಿ ಕಡಿದು ಆಯಿತು. ಇನ್ನು ಮುಂದಕ್ಕೆ ನೆರೆಯವರ ತೋಟದ ಅಂಚು ಮೂರು ಅಡಿ ಬೇಕು. ಅವರು ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ.

– ನಿವೃತ್ತ ಅಧ್ಯಾಪಕ, ಪೆರ್ಲ, ಕಾಸರಗೋಡು