ಭಾನುವಾರದ ಸ್ಥಳಚಿತ್ರಣ: ಟಿಪ್ಪು ಬೇಸಿಗೆ ಅರಮನೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ಬರುವ ಭಾನುವಾರ ನಾವು ಬೆಂಗಳೂರಿನ ಕೋಟೆ ವೆಂಕಟರಮಣ ದೇವಸ್ಥಾನದ ಪಕ್ಕದಲ್ಲಿರುವ ಟಿಪ್ಪು ಬೇಸಿಗೆ ಅರಮನೆಯಲ್ಲಿ ಕುಳಿತು ಚಿತ್ರ ಬರೆಯಲಿದ್ದೇವೆ. ಬೆಳಿಗ್ಗೆ 8:30ಕ್ಕೆ ಟಿಕೆಟ್ ಕೌಂಟರ್ ಬಳಿ ಸೇರೋಣ, ಕೆ.ಆರ್. ಮಾರುಕಟ್ಟೆ ಮೆಟ್ರೊ ನಿಲ್ದಾಣದಿಂದ ನಡೆದೇ ಬರಬಹುದು, ಆ ಭಾಗದಲ್ಲಿ ವಾಹನ ನಿಲ್ಲಿಸುವ ಪಾಡು ಎಲ್ಲರಿಗೂ ಗೊತ್ತಿರುವುದೇ.

ಹೈದರಾಲಿಯ ಕಾಲದಲ್ಲಿ ಆರಂಭವಾಗಿ 1791ರಲ್ಲಿ ಟಿಪ್ಪುವಿನ ಆಳ್ವಿಕೆಯಲ್ಲಿ ಪೂರ್ಣಗೊಂಡ ಈ ಎರಡಂತಸ್ತಿನ ಕಟ್ಟಡದ ತೇಗದ ಕಂಬಗಳು, ಅವುಗಳ ನಡುವಿನ ಬಳುಕುವ ಅಂಚಿನ ಕಮಾನುಗಳು ಹಾಗೂ ಮೇಲಿನ ಮೊಗಸಾಲೆಗಳು ಪರ್ಸ್ಪೆಕ್ಟಿವ್ (ದೂರ-ಹತ್ತಿರವನ್ನು ಚಿತ್ರದಲ್ಲಿ ತೋರಿಸುವ ವಿಧಾನ) ಅಭ್ಯಾಸಕ್ಕೆ ಬಹಳ ಒಳ್ಳೆಯ ವಿಷಯ. ಹೊಸಬರು ಇಡೀ ಮುಂಭಾಗವನ್ನು ಹಿಡಿಯಲು ಹೋಗದೆ, ಒಂದು ಕಂಬ ಮತ್ತು ಅದರ ಕಮಾನಿನಿಂದ ಆರಂಭಿಸಿದರೆ ಅಳತೆ ತಪ್ಪುವುದು ಕಡಿಮೆ ಎಂಬುದು ನನ್ನ ಅಭಿಪ್ರಾಯ.

ಇದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಾದ್ದರಿಂದ ದೊಡ್ಡ ಈಸೆಲ್ (ಚಿತ್ರ ನಿಲ್ಲಿಸುವ ಸ್ಟ್ಯಾಂಡ್) ಬೇಡ. ತೊಡೆಯ ಮೇಲಿಡುವ ರಟ್ಟು, ಸ್ಕೆಚ್ ಪುಸ್ತಕ, ಪೆನ್ಸಿಲ್ ಸಾಕು. ಜಲವರ್ಣ ಬಳಸುವವರು ಹೊರಗಿನ ತೋಟದಲ್ಲೇ ಕುಳಿತು, ಬಣ್ಣದ ನೀರನ್ನು ಮುಚ್ಚಳವಿರುವ ಡಬ್ಬಿಯಲ್ಲಿ ವಾಪಸು ಒಯ್ಯಬೇಕು. ಕಂಬಗಳಿಗೆ ಒರಗಿ ಕೂರುವುದಾಗಲಿ, ಸಂದರ್ಶಕರ ದಾರಿಗೆ ಅಡ್ಡವಾಗುವುದಾಗಲಿ ಆಗದಂತೆ ದಯವಿಟ್ಟು ನೋಡಿಕೊಳ್ಳಿ. ಪ್ರವೇಶ ಶುಲ್ಕವನ್ನು ಅವರವರೇ ಭರಿಸತಕ್ಕದ್ದು.

11:30ಕ್ಕೆ ಚಿತ್ರಗಳನ್ನು ಸಾಲಾಗಿಟ್ಟು ನೋಡಿ, ಮಾತಾಡಿ, ಬಳಿಕ ಚದುರೋಣ. ಬರುವವರು, ಜೊತೆಯಲ್ಲಿ ಮಕ್ಕಳಿದ್ದರೆ ಅದನ್ನೂ ಸೇರಿಸಿ, ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ಹೆಸರು ತಿಳಿಸಬೇಕಾಗಿ ವಿನಂತಿ.