ಸೆರೊಟೋನಿನ್ ಜೀನ್ ಫಾರ್ವರ್ಡ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ‘ಖಿನ್ನತೆಯ ಜೀನ್ ಸಿಕ್ಕಿದೆ’ ಅನ್ನುವ ಫಾರ್ವರ್ಡ್ ದಯವಿಟ್ಟು ಹಂಚಬೇಡಿ, ಅದು ಹಳೇ ಕಥೆ. ಸೆರೊಟೋನಿನ್ ಅಂದರೆ ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ. ನರಕೋಶಗಳು ಹೊರಬಿಟ್ಟ ಸೆರೊಟೋನಿನ್ ಅನ್ನು ವಾಪಸ್ ಎಳೆದುಕೊಳ್ಳುವ ಪ್ರೋಟೀನ್ ಒಂದಿದೆ. ಅದರ ಜೀನ್‌ನ ಒಂದು ತುಣುಕು ಕೆಲವರಲ್ಲಿ ಉದ್ದ, ಕೆಲವರಲ್ಲಿ ಗಿಡ್ಡ. ಗಿಡ್ಡ ಇದ್ದವರು ಕಷ್ಟ ಬಂದಾಗ ಬೇಗ ಖಿನ್ನತೆಗೆ ಜಾರುತ್ತಾರೆ ಅಂತ 2003ರ ಒಂದು ಅಧ್ಯಯನ ಹೇಳಿತ್ತು, ಆದರೆ 2019ರಲ್ಲಿ ಲಕ್ಷಾಂತರ ಜನರ ಮಾಹಿತಿ ಜಾಲಾಡಿದಾಗ ಅದಕ್ಕೆ ಸ್ಪಷ್ಟ ಪುರಾವೆ ಸಿಗಲಿಲ್ಲ. ತುಂಬಾ ಜೀನ್‌ಗಳು ಸೇರಿ ಚೂರು ಚೂರು ಪ್ರಭಾವ ಬೀರುತ್ತವೆ, ಅಷ್ಟೆ.

ತನಗೇನು ಅನಿಸುತ್ತಿದೆ ಅಂತಲೇ ತಿಳಿಯದ ‘ಅಲೆಕ್ಸಿಥೈಮಿಯಾ’ (ಎದೆ ಡವಡವ ಅನ್ನುತ್ತದೆ, ಅದು ಭಯ ಅಂತ ಹೊಳೆಯುವುದಿಲ್ಲ) ಕೂಡ ಒಂದೇ ಜೀನ್‌ನ ಆಟವಲ್ಲ. ರೋಗವೂ ಅಲ್ಲ ಅದು, ಸ್ವಭಾವ. ಮತ್ತೆ, ಇದನ್ನೆಲ್ಲ ಓದಿ ಸುಮ್ನೆ ಖಿನ್ನತೆಯ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.